ಗಿಳಿಗೆ ಕೊಟ್ಟೆ, ಅಳಿಲಿಗೆ ತಂತಿ: ಕಾರವಾರ–ಶಿರಸಿಯ ಕುಂಡದ ತೋಟಕ್ಕೆ ಯಾವ ಕಾವಲು?

ತಾರಸಿಯಲ್ಲೋ ಬಾಲ್ಕನಿಯಲ್ಲೋ ನಾಲ್ಕು ಕುಂಡ ಇಟ್ಟವರನ್ನು ಕಾಡುವ ಪ್ರಶ್ನೆ ಇದು: ಬಲೆ ಕಟ್ಟಬೇಕೋ, ತಂತಿಯ ಪಂಜರ ಮಾಡಿಸಬೇಕೋ, ಹಣ್ಣಿಗೆ ಚೀಲ, ಅಂದರೆ ಕೊಟ್ಟೆ, ಹಾಕಿದರೆ ಸಾಕೋ? ಅಂಗಡಿಯಲ್ಲಿ ಕೇಳಿದರೆ ಎಲ್ಲದಕ್ಕೂ ಒಂದೇ ಹಸಿರು ಬಲೆಯ ಸುರುಳಿ ತೋರಿಸುತ್ತಾರೆ. ಅದನ್ನು ತಂದು ಹೊದಿಸಿದರೆ ಗುಬ್ಬಿ ನಿಲ್ಲುತ್ತದೆ. ಅಳಿಲು ಹಲ್ಲಿನಲ್ಲೇ ಬಾಗಿಲು ಕೊರೆದುಕೊಂಡು ಒಳಗೆ ಬರುತ್ತದೆ. ಗಿಳಿ ಹೊರಗೆ ಕೂತೇ, ಬಲೆಗೆ ಒತ್ತಿಕೊಂಡ ಹಣ್ಣನ್ನು ತಿಂದು ಹೋಗುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದರ ಜೊತೆಗೆ ಇನ್ನೆರಡು ಸಂಗತಿ ಸೇರುತ್ತವೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಉಪ್ಪುಗಾಳಿ ಕಬ್ಬಿಣವನ್ನು ಉಳಿಯಗೊಡುವುದಿಲ್ಲ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಕಾಡು ಹಿತ್ತಲಿಗೇ ಬಂದು ನಿಂತಿರುತ್ತದೆ. ಅಲ್ಲಿ ಅಳಿಲಿನ ಜೊತೆ ಮಂಗವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ತಾರಸಿಗೆ ಒಗ್ಗಿದ ವ್ಯವಸ್ಥೆಯನ್ನು ಹಾಗೇ ಇಲ್ಲಿಗೆ ತಂದರೆ ಒಂದು ಮಳೆಗಾಲ ದಾಟುವುದು ಕಷ್ಟ.

ಮೊದಲೇ ಹೇಳಿಬಿಡುತ್ತೇವೆ: ಹತ್ತು–ಹದಿನೈದು ಕುಂಡದವರಿಗೆ ಹಣ್ಣಿಗೆ ಚೀಲ, ಎಳೆ ಸಸಿಗೆ ಮುಚ್ಚಳ ಸಾಕು. ತರಕಾರಿಯನ್ನೇ ನೆಚ್ಚಿ ಬೆಳೆಯುವವರು ಅರ್ಧ ಇಂಚಿನ ತಂತಿ ಜಾಲರಿಯ ಪಂಜರಕ್ಕೆ ಒಮ್ಮೆ ಖರ್ಚು ಮಾಡುವುದು ಲೇಸು. ಮೆತ್ತನೆಯ ಬಲೆ ಕೆಲವೇ ತಿಂಗಳಿಗೆ, ಕೆಲವೇ ಬೆಳೆಗೆ. ಹೆದರಿಸುವ ಸಾಮಾನಿಗೆ ದುಡ್ಡು ಹಾಕಬೇಡಿ. ಏಕೆಂಬುದು ಮುಂದಿದೆ.

ತಿಂದವರು ಯಾರು?

ಬಲೆ ಕಟ್ಟುವ ಮೊದಲು ಎರಡು–ಮೂರು ದಿನ ಬೆಳಿಗ್ಗೆ ಬೆಳಕು ಹರಿಯುತ್ತಲೇ ಒಮ್ಮೆ, ಸಂಜೆ ಕತ್ತಲಾಗುವಾಗ ಒಮ್ಮೆ ಗಿಡ ನೋಡಿ. ಹಕ್ಕಿಯೂ ಅಳಿಲೂ ಹಗಲಿನ ಪ್ರಾಣಿಗಳು. ಸಂಜೆ ಸರಿಯಿದ್ದ ಹಣ್ಣು ಬೆಳಗಾಗುವಷ್ಟರಲ್ಲಿ ಹೋಗಿದ್ದರೆ ಅದು ಇಲಿ ಅಥವಾ ಬಾವಲಿ. ಬಾವಲಿ ತಿಂದಿದ್ದರೆ ಗೋಡೆಯ ಮೇಲೆ ಬೀಜದ ಕಲೆ, ನೆಲದಲ್ಲಿ ಅಗಿದು ಉಗುಳಿದ ನಾರಿನ ಉಂಡೆ ಕಾಣುತ್ತದೆ. ಟೊಮೆಟೊದಲ್ಲಿ ದುಂಡನೆಯ ಸಣ್ಣ ತೂತು, ಪಕ್ಕದಲ್ಲಿ ಕಪ್ಪು ಹಿಕ್ಕೆ ಇದ್ದರೆ ಅದು ಕಾಯಿಕೊರಕ ಹುಳ. ಎಷ್ಟು ಬಲೆ ಕಟ್ಟಿದರೂ ಅದು ಹೋಗದು.

ಪಿಕಳಾರ (ಬುಲ್‌ಬುಲ್ ಹಕ್ಕಿ) ಕುಕ್ಕಿದ ಹಣ್ಣು ಗಿಡದಲ್ಲೇ ಉಳಿಯುತ್ತದೆ, ಮೇಲ್ಭಾಗದಲ್ಲಿ ಚೂಪಾದ ಕುಳಿ ಇರುತ್ತದೆ. ಗಿಳಿಯದು ದುಂದು. ಒಂದು ಕಾಲಲ್ಲಿ ಪೇರಲೆ ಹಿಡಿದು, ತಲೆ ಓರೆ ಮಾಡಿ ಎರಡು ಚಮಚದಷ್ಟು ಕೆತ್ತಿ, ಉಳಿದದ್ದನ್ನು ಕೆಳಗೆ ಬಿಟ್ಟು ಮುಂದಿನ ಕಾಯಿಗೆ ಹೋಗುತ್ತದೆ. ಗಿಡದ ಬುಡದಲ್ಲಿ ಅರ್ಧ ತಿಂದ ಹಸಿ ಕಾಯಿಗಳ ರಾಶಿ ಇದ್ದರೆ ಗಿಳಿಯೆಂದೇ ತಿಳಿಯಿರಿ. ಅಳಿಲಿನ ಗುರುತು ಒಂದರ ಪಕ್ಕ ಒಂದು ಜೋಡಿಹಲ್ಲಿನ ಗೀರು. ಅದು ಹೆಚ್ಚಾಗಿ ಹಣ್ಣನ್ನು ಪ್ಯಾರಾಪೆಟ್ ಗೋಡೆಯ ಮೇಲೋ ತೆಂಗಿನ ಬುಡಕ್ಕೋ ಒಯ್ದು ತಿನ್ನುತ್ತದೆ, ಸಿಪ್ಪೆಯ ಚೂರು ಅಲ್ಲಿ ಸಿಗುತ್ತದೆ. ಕುಂಡದ ಮಣ್ಣು ಕೆದರಿದ್ದರೆ, ತೂಗುಬುಟ್ಟಿಯ ಕತ್ತದ ಹಾಸು ಎಳೆದಿದ್ದರೆ ಅದೂ ಅಳಿಲಿನದೇ ಕೆಲಸ. ಗೂಡಿಗೆ ನಾರು ಬೇಕು. ಮೊಳಕೆಯೊಡೆದ ಅಲಸಂದೆಯನ್ನು ಬೇರುಸಹಿತ ಕಿತ್ತಿದ್ದರೆ ಬೆಳವ, ಪಾರಿವಾಳ ಅಥವಾ ಕಾಗೆ.

ಕಾಗೆಯ ಕಾಟ ಕರಾವಳಿಯಲ್ಲಿ ಬಹಳ ಸಲ ನಾವೇ ಕರೆದದ್ದು. ಬಸಳೆಗೆ ಮೀನು ತೊಳೆದ ನೀರು ಹೊಯ್ಯುವುದು, ಸೀಗಡಿ ಸಿಪ್ಪೆಯನ್ನು ಕುಂಡದ ಮೇಲ್ಮಣ್ಣಿನಲ್ಲೇ ಬಿಡುವುದು ಇಲ್ಲಿ ರೂಢಿ. ಆ ವಾಸನೆಗೆ ಕಾಗೆ ಮಣ್ಣು ಬಗೆಯುತ್ತದೆ, ರಾತ್ರಿ ಇಲಿ ಬರುತ್ತದೆ. ಇಂಥ ಗೊಬ್ಬರವನ್ನು ಪ್ರತ್ಯೇಕ ಡಬ್ಬಿಯಲ್ಲಿ ಮುಚ್ಚಿ ಕೊಳೆಸಿ, ವಾಸನೆ ಹೋದ ಮೇಲೆಯೇ ಕುಂಡಕ್ಕೆ ಹಾಕಿ. ಶೇಂಗಾ ಹಿಂಡಿಯ ಚೂರನ್ನು ಮೇಲೆ ಉದುರಿಸಿದರೆ ಅಳಿಲು ಅದಕ್ಕಾಗಿಯೇ ಬರುತ್ತದೆ. ಹಿಂಡಿಯನ್ನು ನೀರಲ್ಲಿ ನೆನೆಸಿ, ತೆಳ್ಳಗೆ ಮಾಡಿ ಹೊಯ್ಯುವುದು ಉತ್ತಮ.

ಖರ್ಚಿಲ್ಲದ ಆಯ್ಕೆ: ಬೇಗ ಕೊಯ್ಯುವುದು

ಇದನ್ನು ಯಾರೂ ಕಾವಲೆಂದು ಎಣಿಸುವುದಿಲ್ಲ, ಆದರೆ ಟೊಮೆಟೊದ ಮಟ್ಟಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಕಾಯಿಯ ತುದಿಯಲ್ಲಿ ನಸುಗೆಂಪು ಕಂಡ ದಿನವೇ ಕೊಯ್ದು, ಒಳಗೆ ಬುಟ್ಟಿಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಚೆನ್ನಾಗಿ ಹಣ್ಣಾಗುತ್ತದೆ, ರುಚಿಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರದು. ಫ್ರಿಜ್‌ನಲ್ಲಿ ಇಡಬೇಡಿ, ತಣ್ಣಗಾದರೆ ಹಣ್ಣಾಗುವುದು ನಿಂತುಹೋಗುತ್ತದೆ. ಚಿಕ್ಕು, ಬಾಳೆಗೂ ಇದೇ ದಾರಿ. ಚಿಕ್ಕುವಿನ ಮೈಮೇಲಿನ ಕಂದು ಹುಡಿ ಉದುರಿ, ಉಗುರಿನಿಂದ ಗೀರಿದಾಗ ಹಸಿರು ಕಾಣದಿದ್ದರೆ ಬೆಳೆದಿದೆ ಎಂದರ್ಥ. ಪೇರಲೆಯನ್ನು ಕಡುಹಸಿರು ತಿಳಿಯಾಗುತ್ತಿದ್ದಂತೆ ಕೊಯ್ಯಬಹುದು.

ದಾಳಿಂಬೆ, ಲಿಂಬು, ಡ್ರ್ಯಾಗನ್ ಫ್ರೂಟ್, ಸ್ಟ್ರಾಬೆರಿಗೆ ಈ ಉಪಾಯ ನಡೆಯದು. ಕೊಯ್ದ ಮೇಲೆ ಅವುಗಳ ಸಿಹಿ ಏರುವುದಿಲ್ಲ. ಅವು ಗಿಡದಲ್ಲೇ ಬಲಿಯಬೇಕು, ಹಾಗಾಗಿ ಕಾವಲು ಬೇಕೇ ಬೇಕು.

ಹಣ್ಣಿಗೆ ಕೊಟ್ಟೆ

ಮಳೆ ಹಿಡಿಯುವ ಮೊದಲು ಅಡಿಕೆ ಕೊನೆಗೆ ಕೊಟ್ಟೆ ಕಟ್ಟಿ ಕೊಳೆರೋಗದಿಂದ ಉಳಿಸಿಕೊಳ್ಳುವುದು ಶಿರಸಿ–ಸಿದ್ದಾಪುರದವರಿಗೆ ಕಲಿಸಬೇಕಾದ ವಿದ್ಯೆಯಲ್ಲ. ಕುಂಡದ ಹಣ್ಣಿಗೂ ಅದೇ ವಿಚಾರ, ಸಾಮಾನು ಮಾತ್ರ ಬೇರೆ. ಅಡಿಕೆಯ ಪ್ಲಾಸ್ಟಿಕ್ ಕೊಟ್ಟೆಗೆ ಕೆಳಗೆ ಬಾಯಿ ತೆರೆದಿರುತ್ತದೆ, ಗಾಳಿ ಆಡುತ್ತದೆ. ಪೇರಲೆಗೆ ಅದೇ ಪ್ಲಾಸ್ಟಿಕ್ ಚೀಲವನ್ನು ಬಿಗಿಯಾಗಿ ಕಟ್ಟಿದರೆ ಒಳಗೆ ಬೆವರಿ ಹಣ್ಣು ಕೊಳೆಯುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಬಿಡಿ. ಉಳಿದವುಗಳಲ್ಲಿ ನಾಲ್ಕನ್ನು ಹೋಲಿಸಿ ನೋಡಬಹುದು.

ವೃತ್ತಪತ್ರಿಕೆಯ ಚೀಲಕ್ಕೆ ಖರ್ಚಿಲ್ಲ. ಒಣ ತಿಂಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಮೊದಲ ಮಳೆಗೆ ಮುದ್ದೆಯಾಗುತ್ತದೆ. ನೇಯದ ಬಟ್ಟೆಯ ಬಿಳಿ ಚೀಲ, ಅಂದರೆ ದಾಳಿಂಬೆ ಬೆಳೆಗಾರರು ಬಳಸುವಂಥದ್ದು, ಬಿಸಿಲಿಗೂ ಹಣ್ಣುನೊಣಕ್ಕೂ ತಡೆ. ಆದರೆ ಒಳಗಿನದು ಕಾಣದ ಕಾರಣ ಹಣ್ಣಾದದ್ದು ತಿಳಿಯದೆ ಹೋಗಬಹುದು. ಆರ್ಗಾಂಜಾ ಚೀಲ, ಮದುವೆಯಲ್ಲಿ ತಾಂಬೂಲಕ್ಕೆ ಕೊಡುವ ಆ ಪಾರದರ್ಶಕ ಬಟ್ಟೆಯದು, ಗಾಳಿ–ಬೆಳಕು–ನೀರು ಮೂರನ್ನೂ ಬಿಡುತ್ತದೆ, ಬಾಯಿಗೆ ದಾರ ಇರುತ್ತದೆ, ತೊಳೆದು ಮತ್ತೆ ಬಳಸಬಹುದು. ಹಕ್ಕಿ ಮತ್ತು ಹಣ್ಣುನೊಣ ಮಾತ್ರ ಶತ್ರುಗಳಾಗಿದ್ದರೆ ನಮ್ಮ ಮೊದಲ ಆಯ್ಕೆ ಇದೇ. 6×8 ಇಂಚಿನದು ಪೇರಲೆ, ದಾಳಿಂಬೆ, ಟೊಮೆಟೊ ಗೊಂಚಲಿಗೆ ಸರಿಹೋಗುತ್ತದೆ.

ಅಳಿಲಿಗೆ ಈ ಮೂರರಲ್ಲಿ ಯಾವುದೂ ಲೆಕ್ಕಕ್ಕಿಲ್ಲ. ಹಣ್ಣಿನ ವಾಸನೆ ಬಂದ ಮೇಲೆ ಬಟ್ಟೆ ಕಡಿಯಲು ಅದಕ್ಕೆ ಹೆಚ್ಚು ಹೊತ್ತು ಬೇಡ. ಅಲ್ಲಿ ನಾಲ್ಕನೆಯದು ಬೇಕು: ಬಾಗಿಲಿನ ಸೊಳ್ಳೆ ಪರದೆಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯ ಚೀಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. 8×16 ಇಂಚಿನ ತುಂಡನ್ನು ನಡುವೆ ಮಡಚಿ, ಎರಡು ಪಕ್ಕಗಳನ್ನು ಅರ್ಧ ಇಂಚಿನಂತೆ ಎರಡು ಸುತ್ತು ಮಡಿಸಿ ಸುತ್ತಿಗೆಯಿಂದ ತಟ್ಟಿ, ಸ್ಟೇಪ್ಲರ್ ಹಾಕಿದರೆ ಚೀಲ ಸಿದ್ಧ. ಒಂದು ಚೀಲಕ್ಕೆ ಒಂದು ಚದರಡಿಯೂ ಬೇಡ. ಕತ್ತರಿಸಿದ ಅಂಚು ಬ್ಲೇಡಿನಂತಿರುತ್ತದೆ, ಕೈಗವಸು ಹಾಕಿಕೊಳ್ಳಿ. ಇದೇ ಬಗೆಯ ಅಲ್ಯೂಮಿನಿಯಂ ಜಾಲರಿ ಅಗ್ಗ, ಆದರೆ ಮೆತ್ತಗೆ; ಹಠ ಹಿಡಿದ ಅಳಿಲು ಅದನ್ನೂ ಹರಿಯುತ್ತದೆ.

ಕಟ್ಟುವ ಹೊತ್ತು ಮುಖ್ಯ. ಪೇರಲೆ, ದಾಳಿಂಬೆಗೆ ಕಾಯಿ ಲಿಂಬೆಯ ಗಾತ್ರಕ್ಕೆ ಬಂದಾಗ. ಅದಕ್ಕೂ ಮೊದಲೇ ಕಟ್ಟಿದರೆ ಸಹಜವಾಗಿ ಉದುರುವ ಪಿಂದೆಗಳಿಗೆಲ್ಲ ಚೀಲ ಕಟ್ಟಿದಂತಾಗುತ್ತದೆ. ತಡ ಮಾಡಿದರೆ ಹಣ್ಣುನೊಣ ಮೊಟ್ಟೆ ಚುಚ್ಚಿ ಹೋಗಿರುತ್ತದೆ, ಹುಳ ಒಳಗೇ ಬೆಳೆಯುತ್ತದೆ. ಡ್ರ್ಯಾಗನ್ ಫ್ರೂಟಿಗೆ ಹೂ ಬಾಡಿ ಒಂದು ವಾರದ ನಂತರ. ಕಟ್ಟುವ ಮೊದಲು ತೊಟ್ಟಿನ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ ಇದೆಯೇ ನೋಡಿ, ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಚೀಲದೊಳಗೆ ಅದಕ್ಕೆ ಶತ್ರುಗಳಿಲ್ಲದ ಕಾರಣ ಬೇಗ ಹಬ್ಬುತ್ತದೆ. ದಾರವನ್ನು ಹಣ್ಣಿನ ತೊಟ್ಟಿಗೆ ಬಿಗಿಯಬೇಡಿ. ಹಿಂದಿನ ಗಟ್ಟಿ ರೆಂಬೆಗೆ ಕಟ್ಟಿ, ಇಲ್ಲವಾದರೆ ಗಾಳಿಗೆ ಚೀಲ ತೂಗಿ ಹಣ್ಣೇ ಕಳಚಿ ಬೀಳುತ್ತದೆ. ಸ್ಟೀಲ್ ಚೀಲಕ್ಕಂತೂ ಮೇಲಿನ ಕೊಂಬೆಯಿಂದ ಒಂದು ದಾರದ ಆಸರೆ ಕೊಡಲೇಬೇಕು.

ಗಿಡಕ್ಕೆ ಮೂವತ್ತು–ನಲವತ್ತು ಕಾಯಿ ಬಿಡುವ ಮೆಣಸಿಗೆ ಚೀಲ ಕಟ್ಟುತ್ತ ಕೂರಲು ಆಗದು. ಕೊಟ್ಟೆಯ ಮಿತಿ ಅಲ್ಲಿಗೆ.

ಮೆತ್ತನೆಯ ಬಲೆ

ಬಲೆಯಲ್ಲಿ ಮೊದಲು ನೋಡಬೇಕಾದದ್ದು ಕಣ್ಣಿನ ಅಳತೆ. ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಕಟ್ಟುವ ಪಾರಿವಾಳದ ಬಲೆಯ ಕಣ್ಣು ಸಾಮಾನ್ಯವಾಗಿ 50 ಮಿ.ಮೀ. ಹೆಸರಿಗೆ ತಕ್ಕಂತೆ ಪಾರಿವಾಳ ನಿಲ್ಲುತ್ತದೆ. ಗುಬ್ಬಿ, ಸೂರಕ್ಕಿ, ಅಳಿಲು ಆರಾಮವಾಗಿ ದಾಟುತ್ತವೆ. ತೋಟದ ಹಕ್ಕಿಬಲೆ 15ರಿಂದ 25 ಮಿ.ಮೀ. ಕಣ್ಣಿನದು. ಪಿಕಳಾರ, ಮೈನಾ, ಗಿಳಿ ತಡೆಯಲು ಇದು ಸಾಕು. ಆದರೆ ಹಕ್ಕಿಯ ಕಾಲು, ರೆಕ್ಕೆ, ಓತಿಕ್ಯಾತದ ತಲೆ, ಕೇರೆಹಾವಿನ ನಡು ಸಿಕ್ಕಿಬೀಳುವುದೂ ಈ ಅಳತೆಯಲ್ಲೇ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಸೆಪ್ಟೆಂಬರಿನಿಂದ ಮನೆಯ ಹಣ್ಣಿನ ಗಿಡಕ್ಕೆ ಕಟ್ಟುವ ಬಲೆಯ ಕಣ್ಣು, ಪೂರ್ತಿ ಎಳೆದಾಗಲೂ, 5 ಮಿ.ಮೀ.ಗಿಂತ ದೊಡ್ಡದಿರಬಾರದೆಂಬ ನಿಯಮವಿದೆ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಕಿರುಬೆರಳು ತೂರಿದರೆ ಆ ಬಲೆ ಬೇಡ. ಬಾವಲಿಗೂ ಹಕ್ಕಿಗೂ ಕಣ್ಣಿಗೆ ಬೀಳುವ ಬಿಳಿ ಬಣ್ಣದ, ಬಿಗಿ ಹೆಣಿಗೆಯ ಬಲೆ ಕಪ್ಪಿಗಿಂತ ವಾಸಿ.

ಕರಾವಳಿಯಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬಂದರಿನಲ್ಲಿ ಹಳೆಯ ಮೀನುಬಲೆ ಸುಲಭವಾಗಿ ಸಿಗುತ್ತದೆ, ಬಿಟ್ಟಿಯಾಗಿಯೂ ಸಿಗುತ್ತದೆ. ಅದರಲ್ಲಿ ಎರಡು ಜಾತಿ. ದಪ್ಪ ಹುರಿಯ, ಸಣ್ಣ ಕಣ್ಣಿನ ಬಲೆಯನ್ನು ಚೌಕಟ್ಟಿಗೆ ತಮಟೆಯಂತೆ ಬಿಗಿದು ಬಳಸಬಹುದು. ಇನ್ನೊಂದು ಗಾಳದ ದಾರದಂಥ ಒಂಟಿ ಎಳೆಯ, ನೀರಲ್ಲಿ ಕಾಣದಿರಲೆಂದೇ ಮಾಡಿದ ತೆಳು ಬಲೆ. ಮೀನಿಗೆ ಕಾಣದ್ದು ಹಕ್ಕಿಗೂ ಕಾಣದು. ಪಿಕಳಾರ ಕಾಲು ಸಿಕ್ಕಿಸಿಕೊಂಡು ಒದ್ದಾಡಿದಷ್ಟೂ ಎಳೆ ಚರ್ಮದೊಳಗೆ ಇಳಿಯುತ್ತದೆ, ಬಿಡಿಸಲು ಹೋದವರು ನೋಡುವುದು ಕಾಲಿನ ಸುತ್ತ ರಕ್ತದ ಗೆರೆ, ಬಾಯಿ ತೆರೆದು ಏದುಸಿರು ಬಿಡುವ ಹಕ್ಕಿ. ಈ ಬಲೆಯನ್ನು ಗಿಡಕ್ಕೆ ಕಟ್ಟಲೇಬೇಡಿ. ಎಲ್ಲಾದರೂ ಹಕ್ಕಿ ಸಿಕ್ಕಿದ್ದರೆ ತಲೆಯ ಮೇಲೆ ತೆಳು ಬಟ್ಟೆ ಹಾಕಿ, ಎಳೆಯದೆ, ಸಣ್ಣ ಕತ್ತರಿಯಿಂದ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ. ಹಾವು ಸಿಕ್ಕಿದ್ದರೆ ನೀವು ಕೈ ಹಾಕಬೇಡಿ, ಅರಣ್ಯ ಇಲಾಖೆಯವರಿಗೆ ತಿಳಿಸಿ.

ಬಲೆ ಸೋಲುವುದು ಬಹುತೇಕ ಕಟ್ಟುವ ರೀತಿಯಲ್ಲಿ. ಗಿಡದ ಮೇಲೆಯೇ ಹೊದಿಸಿದರೆ ಎರಡು ತೊಂದರೆ: ಹಣ್ಣು ಬಲೆಗೆ ತಾಗಿ ಹೊರಗಿನಿಂದಲೇ ಊಟವಾಗುತ್ತದೆ, ಕುಡಿ ಕಣ್ಣುಗಳ ಮೂಲಕ ಹೊರಬೆಳೆದು ಬಲೆ ತೆಗೆಯುವಾಗ ಮುರಿಯುತ್ತದೆ. ಗಿಡಕ್ಕೂ ಬಲೆಗೂ ನಡುವೆ ಒಂದು ಗೇಣು ಅಂತರ ಬೇಕು. ಶಿರಸಿ ಕಡೆ ಚೌಕಟ್ಟಿಗೆ ಅಡಿಕೆ ಮರ ಸೀಳಿದ ದಬ್ಬೆಗಿಂತ ಅಗ್ಗದ್ದು ಇನ್ನೊಂದಿಲ್ಲ. ಆದರೆ ಅದರ ಸಿಬಿರು ಬಲೆಯನ್ನು ಹರಿಯುತ್ತದೆ, ಆದ್ದರಿಂದ ತುದಿಗಳಿಗೆ ಹಳೆಯ ಬಟ್ಟೆ ಸುತ್ತಿ. ಬಲೆಯ ಅಂಚಿನೊಳಗೆ ಉದ್ದಕ್ಕೂ ಹಗ್ಗ ಪೋಣಿಸಿ ಎಳೆದು ಕಟ್ಟಿದರೆ ಜೋಲು ಬೀಳದು. ಕೆಳಗಿನ ಅಂಚನ್ನು ಹಾಗೇ ನೆಲಕ್ಕೆ ಬಿಡದೆ ದಬ್ಬೆಯ ಸುತ್ತ ಸುತ್ತಿ ಭಾರ ಹೇರಿ. ಸಡಿಲ ಬಿಟ್ಟ ಅಂಚಿನಲ್ಲೇ ಹಾವು, ಓತಿ ಸಿಕ್ಕುವುದು.

ಮಳೆಗಾಲದಲ್ಲಿ 5 ಮಿ.ಮೀ. ಕಣ್ಣಿನ ಬಲೆ ಗಾಳಿಗೆ ದೋಣಿಯ ಹಾಯಿಯಂತೆ ಉಬ್ಬುತ್ತದೆ. ಸಮುದ್ರದ ಕಡೆ ತೆರೆದ ತಾರಸಿಯಲ್ಲಿ ಮೇ ಕೊನೆಯ ವಾರವೇ ಬಿಚ್ಚಿ, ತೊಳೆದು, ನೆರಳಲ್ಲಿ ಒಣಗಿಸಿ ಇಡಿ. ಬಿಸಿಲು ತಾಳುವಂತೆ ಸಂಸ್ಕರಿಸಿದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಬಲೆಯನ್ನೇ ಕೇಳಿ ತನ್ನಿ. ಅಗ್ಗದ ನೈಲಾನ್ ಬಿಸಿಲಿಗೆ ಹುಡಿಯಾಗಿ ಎಳೆಗಳು ಮಣ್ಣಿಗೆ ಸೇರುತ್ತವೆ.

ಅರ್ಧ ಇಂಚಿನ ತಂತಿ ಪಂಜರ

ಅಳಿಲಿರುವ ಕಡೆ ತರಕಾರಿಗೆ ನೆಚ್ಚಬಹುದಾದ್ದು ಇದೊಂದೇ. ಒಂದಿಂಚಿನ ಕೋಳಿ ಜಾಲರಿ ಅಗ್ಗವೆಂದು ತಂದರೆ ಸಣ್ಣ ಅಳಿಲು ಮೈ ಕಿರಿದು ಮಾಡಿ ನುಸುಳುತ್ತದೆ. ಅರ್ಧ ಇಂಚು ಚೌಕದ ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿ ಜಾಲರಿ), 20 ಗೇಜ್ ಅಥವಾ ಅದಕ್ಕಿಂತ ದಪ್ಪ ತಂತಿಯದು, ಇರಲಿ.

6 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರದ ಪಂಜರವೊಂದರ ಲೆಕ್ಕ ನೋಡೋಣ. ಇದರಲ್ಲಿ 12 ಇಂಚಿನ ಗ್ರೋ ಬ್ಯಾಗ್ ಹನ್ನೆರಡರಿಂದ ಹದಿನೈದು ಹಿಡಿಯುತ್ತವೆ. 4 ಅಡಿ ಅಗಲದ ಸುರುಳಿ ತೆಗೆದುಕೊಂಡರೆ ಕತ್ತರಿಸುವ ಕೆಲಸ ಕಡಿಮೆ: ನಾಲ್ಕು ಗೋಡೆಗೆ 20 ಅಡಿ, ಮೇಲ್ಭಾಗಕ್ಕೆ 6 ಅಡಿ, ಜೋಡಣೆಗೂ ಕೆಳಗಿನ ಪಟ್ಟಿಗೂ 4 ಅಡಿ, ಒಟ್ಟು 30 ಅಡಿ. ಚೌಕಟ್ಟಿಗೆ ಒಂದಿಂಚಿನ ಪಿವಿಸಿ ಪೈಪ್, 10 ಅಡಿಯವು 9 ಬೇಕು. ನಾಲ್ಕನ್ನು 6 ಮತ್ತು 4 ಅಡಿಯಾಗಿ ತುಂಡರಿಸಿದರೆ ಕೆಳಗಿನ, ಮೇಲಿನ ಚೌಕ ಆಗುತ್ತದೆ. ಎರಡನ್ನು 4 ಅಡಿಯ ತುಂಡು ಮಾಡಿದರೆ ನಾಲ್ಕು ಕಂಬ. ಒಂದರಿಂದ ಮೇಲೆ ನಡುವಿನ ಅಡ್ಡಪಟ್ಟಿ. ಉಳಿದೆರಡನ್ನು ಮತ್ತೆ 6 ಮತ್ತು 4 ಮಾಡಿದರೆ ಬಾಗಿಲಿನ ಚೌಕಟ್ಟು. ಮೂಲೆಗೆ ಮೂರು ಬಾಯಿಯ ಎಲ್ಬೋ 8, ಅಡ್ಡಪಟ್ಟಿಗೆ T ಆಕಾರದ ಜೋಡಣೆ (ಟೀ) 2, ಬಾಗಿಲಿಗೆ ಸಾದಾ ಎಲ್ಬೋ 4. ಮೂರು ಬಾಯಿಯದು ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ, ಪೈಪ್ ಕತ್ತರಿಸುವ ಮೊದಲೇ ಅದನ್ನು ಕೈಗೆ ತಂದುಕೊಳ್ಳಿ. ಬಾಗಿಲು 6 ಅಡಿಯ ಉದ್ದನೆಯ ಮಗ್ಗುಲಲ್ಲಿರಲಿ, ಮೇಲಕ್ಕೆ ಎತ್ತುವಂತೆ. ಅಗಲದ ಬದಿಗೆ ಸಣ್ಣ ಬಾಗಿಲಿಟ್ಟರೆ ಹಿಂದಿನ ಸಾಲಿಗೆ ಕೈ ಎಟುಕದು, ಕಳೆ ಕೀಳುವುದನ್ನೇ ಬಿಟ್ಟುಬಿಡುತ್ತೀರಿ.

ಜಾಲರಿಯನ್ನು ಪೈಪಿಗೆ ಪ್ರತಿ 6 ಇಂಚಿಗೆ ಒಂದರಂತೆ ಕಟ್ಟಿ. ಬಿಳಿ ಕೇಬಲ್ ಟೈ ಬಿಸಿಲಿಗೆ ಒಡೆದುಹೋಗುತ್ತದೆ. ಕಪ್ಪು, ಬಿಸಿಲು ತಾಳುವಂಥದ್ದು ಪರವಾಗಿಲ್ಲ, ಸ್ಟೀಲ್ ತಂತಿ ಇನ್ನೂ ಒಳ್ಳೆಯದು. ಪಿವಿಸಿ ಪೈಪಿಗೂ ಒಂದು ಕೋಟ್ ಬಣ್ಣ ಹೊಡೆಯಿರಿ. ಬರೀ ಮೈಯಲ್ಲಿ ಬಿಸಿಲಿಗಿಟ್ಟರೆ ಗಡುಸಾಗಿ ಸೀಳುತ್ತದೆ.

ಎಲ್ಲಕ್ಕಿಂತ ಹೆಚ್ಚು ತಪ್ಪು ಆಗುವುದು ಬುಡದಲ್ಲಿ. ಮಳೆನೀರು ಹರಿಯಲೆಂದು ತಾರಸಿಗೆ ಇಳಿಜಾರು ಕೊಟ್ಟಿರುತ್ತಾರೆ, ಸಮತಟ್ಟಾದ ಪಂಜರ ಇಟ್ಟರೆ ಒಂದು ತುದಿಯಲ್ಲಿ ಒಂದಿಂಚು ಸಂದಿ ಉಳಿಯುತ್ತದೆ. ಅಳಿಲಿಗೆ ಅದೇ ರಾಜಬೀದಿ. ಉಳಿದ ಜಾಲರಿಯಿಂದ ಒಂದಡಿ ಅಗಲದ ಪಟ್ಟಿ ಕತ್ತರಿಸಿ, ಅರ್ಧ ಗೋಡೆಗೆ ಅರ್ಧ ನೆಲಕ್ಕೆ ಬರುವಂತೆ ಬಗ್ಗಿಸಿ ಕಟ್ಟಿ, ಮೇಲೆ ಚಿರೆಕಲ್ಲು ಇಡಿ. ನೀರಿಗೆ ದಾರಿ ಉಳಿಯುತ್ತದೆ, ಅಳಿಲಿಗೆ ಇಲ್ಲ. ತಾರಸಿಗೆ ಮೊಳೆ ಹೊಡೆದು, ರಂಧ್ರ ಕೊರೆದು ಪಂಜರ ನಿಲ್ಲಿಸಲು ಹೋಗಬೇಡಿ. ಜುಲೈನಲ್ಲಿ ಆ ತೂತಿನ ಕೆಳಗಿನ ಕೋಣೆಯಲ್ಲಿ ಬಕೆಟ್ ಇಡಬೇಕಾಗುತ್ತದೆ. ನಾಲ್ಕು ಮೂಲೆಗೆ ಒಂದೊಂದು ಚಿರೆಕಲ್ಲು ಅಥವಾ ಮರಳು ತುಂಬಿದ ಚೀಲ ಸಾಕು. ತಂತಿ ಜಾಲರಿ ಗಾಳಿಯನ್ನು ಬಿಡುವುದರಿಂದ ಬಲೆಯಷ್ಟು ಎಳೆತ ಇರದು.

ತುಕ್ಕಿನ ವಿಚಾರದಲ್ಲಿ ಅಂಗಡಿಯವರಿಗೆ ಒಂದೇ ಪ್ರಶ್ನೆ ಕೇಳಿ: ವೆಲ್ಡ್ ಮಾಡಿದ ಮೇಲೆ ಸತು ಅದ್ದಿದ್ದೋ, ಸತು ಬಳಿದ ತಂತಿಯನ್ನು ಆಮೇಲೆ ವೆಲ್ಡ್ ಮಾಡಿದ್ದೋ? ಎರಡನೆಯದರಲ್ಲಿ ಬೆಸುಗೆಯ ಬಿಂದುಗಳಲ್ಲಿ ಸತು ಸುಟ್ಟುಹೋಗಿರುತ್ತದೆ, ಕಾರವಾರದ ಗಾಳಿಗೆ ಮೊದಲು ಕೆಂಪಾಗುವುದು ಆ ಬಿಂದುಗಳೇ. ಕೋಡಿಬಾಗ, ಬೈತಖೋಲದಂತೆ ಸಮುದ್ರ ಎದುರಿಗೇ ಇರುವ ಕಡೆ ಪಿವಿಸಿ ಲೇಪನವಿರುವ ಜಾಲರಿ ತೆಗೆದುಕೊಳ್ಳಿ, ಕತ್ತರಿಸಿದ ತುದಿಗಳಿಗೆಲ್ಲ ಸತುವಿನ ಪ್ರೈಮರ್ ಮುಟ್ಟಿಸಿ. ಸ್ಟೇನ್‌ಲೆಸ್ ಕೊಳ್ಳುವ ಶಕ್ತಿ ಇದ್ದವರು 316 ದರ್ಜೆಯದನ್ನು ಕೇಳಲಿ. 304 ಸಮುದ್ರದ ಗಾಳಿಗೆ ಕಂದು ಕಲೆ ಹಿಡಿಯುತ್ತದೆ. ಯಾವುದೇ ಆಗಲಿ, ನವೆಂಬರಿನಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ ಸಿಹಿನೀರಿನಿಂದ ತೊಳೆಯಿರಿ. ಮಳೆಗಾಲದಲ್ಲಿ ಉಪ್ಪು ತಾನಾಗಿ ತೊಳೆದು ಹೋಗುತ್ತದೆ, ಒಣ ತಿಂಗಳಲ್ಲಿ ಪದರ ಕಟ್ಟುತ್ತದೆ. ಶಿರಸಿಯಲ್ಲಿ ಈ ಚಿಂತೆ ಇಲ್ಲ, ಸಾದಾ ಜಿಐ (ಸತು ಬಳಿದ ಕಬ್ಬಿಣ) ಸಾಕು.

ಪಂಜರದ ಒಂದು ಕೊರತೆ ಪರಾಗಸ್ಪರ್ಶ, ಸಣ್ಣ ಜೇನು ನುಸುಳಿದರೂ ದೊಡ್ಡ ದುಂಬಿ ಒಳಗೆ ಬಾರದು. ಟೊಮೆಟೊ, ಮೆಣಸು, ಬದನೆಗೆ ತೊಂದರೆಯಿಲ್ಲ, ಹೂಗೊಂಚಲನ್ನು ಬೆಳಿಗ್ಗೆ ಬೆರಳಿನಿಂದ ತಟ್ಟಿದರೆ ಕಾಯಿ ಕಚ್ಚುತ್ತದೆ. ಹಾಗಲ, ಸೌತೆ, ಹೀರೆಯಲ್ಲಿ ಕಾಯಿ ಕಚ್ಚದಿದ್ದರೆ ಗಂಡುಹೂವನ್ನು ಕಿತ್ತು ಹೆಣ್ಣುಹೂವಿನ ನಡುವೆ ನೀವೇ ಸವರಬೇಕು. ಹಾಗಲ, ಸೌತೆಗೆ ಬೆಳಿಗ್ಗೆ. ಹೀರೆಯ ಹೂ ಅರಳುವುದು ಸಂಜೆ, ಆಗಲೇ ಮಾಡಬೇಕು. ಬಳ್ಳಿಗಳನ್ನು ಪಂಜರದ ಹೊರಗೇ ಬೆಳೆಯುವುದು ನಮ್ಮ ಸಲಹೆ. ಹೀರೆ, ಹಾಗಲವನ್ನು ಎಳೆಯದಾಗಿದ್ದಾಗಲೇ ಕೊಯ್ಯುವುದರಿಂದ ನಷ್ಟವೂ ಕಡಿಮೆ. ಮಡಿವಾಳ ಹಕ್ಕಿ, ಸಿಂಪಿಗ ಬಂದು ಹುಳ ಆರಿಸಲೂ ಹೊರಗಿನ ಗಿಡ ಬೇಕು.

ಮಣ್ಣಿಗೆ, ಎಳೆ ಸಸಿಗೆ

ಅಳಿಲು ಕೆದರುವುದು ಹೊಸದಾಗಿ ಸಡಿಲಿಸಿದ ಮಣ್ಣನ್ನು. ಗರಟೆಯನ್ನು ಎರಡಿಂಚಿನ ಚೂರು ಮಾಡಿ ಮಣ್ಣಿನ ಮೇಲೆ ಒತ್ತೊತ್ತಾಗಿ ಕವುಚಿ ಹಾಸಿದರೆ ಕೆದರುವುದು ನಿಲ್ಲುತ್ತದೆ, ತೇವವೂ ಉಳಿಯುತ್ತದೆ. ಮೇಲ್ಮುಖ ಮಾಡಿ ಇಟ್ಟರೆ ನೀರು ನಿಂತು ಸೊಳ್ಳೆಯಾಗುತ್ತದೆ. 12 ಇಂಚಿನ ಕುಂಡಕ್ಕೆ 11 ಇಂಚಿನ ವೃತ್ತದಂತೆ ವೆಲ್ಡ್ ಮೆಶ್ ಕತ್ತರಿಸಿ, ಅಂಚಿನಿಂದ ನಡುವಿನ ತನಕ ಸೀಳಿ, ಕಾಂಡಕ್ಕೆ ಎರಡಿಂಚಿನ ತೂತು ಬಿಟ್ಟು ಹಾಸುವುದು ಇನ್ನೂ ಗಟ್ಟಿ ಉಪಾಯ. ಬೀಜ ಹಾಕಿದ ಕುಂಡವನ್ನು ಎರಡು ನಿಜವಾದ ಎಲೆ ಬರುವ ತನಕ ಸೊಳ್ಳೆಪರದೆ ಬಿಗಿದ ಹಳೆಯ ಬುಟ್ಟಿಯಿಂದ ಮುಚ್ಚಿ. ತೂಗುಬುಟ್ಟಿಗೆ ಕತ್ತದ ಹಾಸಿನ ಬದಲು ಅಡಿಕೆ ಹಾಳೆ ಹಾಕಿದರೆ ಗೂಡಿಗೆ ನಾರು ಎಳೆಯುವವರ ಕಾಟವೇ ಇಲ್ಲ.

ಹೆದರಿಸುವ ಸಾಮಾನು, ಸಿಂಪಡಣೆ

ಹೊಳೆಯುವ ರಿಬ್ಬನ್, ಹಳೆಯ ಸಿಡಿ, ಪ್ಲಾಸ್ಟಿಕ್ ಗೂಬೆ, ಬೆರ್ಚಪ್ಪ ಇವೆಲ್ಲ ಕೆಲವು ದಿನದ ಮಾತು. ಹಣ್ಣಾಗುವ ಕೊನೆಯ ವಾರದಲ್ಲಿ ಮಾತ್ರ ಕಟ್ಟಿ, ಎರಡು ದಿನಕ್ಕೊಮ್ಮೆ ಜಾಗ ಬದಲಿಸಿದರೆ ಅಷ್ಟಿಷ್ಟು ಪ್ರಯೋಜನ. ಕಿವಿಗೆ ಕೇಳದ ಶಬ್ದ ಹೊರಡಿಸುವ ಯಂತ್ರ ಹಕ್ಕಿಗೆ ನಿರರ್ಥಕ, ಅಷ್ಟು ಎತ್ತರದ ಸ್ವರ ಹಕ್ಕಿಗಳಿಗೂ ಕೇಳಿಸುವುದಿಲ್ಲ.

ಮೆಣಸಿನ ನೀರು ಅಳಿಲಿಗೆ ಮಾತ್ರ. ಹಕ್ಕಿಗಳಿಗೆ ಖಾರವೇ ತಾಗದು. ಸೂಜಿಮೆಣಸನ್ನು ಪಿಕಳಾರ ಅಷ್ಟು ಪ್ರೀತಿಯಿಂದ ನುಂಗುವುದು ಅದಕ್ಕೇ. ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಖಾರದ ಪುಡಿ ಹಾಕಿ ಹತ್ತು ನಿಮಿಷ ಕುದಿಸಿ, ಆರಿಸಿ, ಸೋಸಿ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ಕುಂಡದ ಅಂಚಿಗೆ, ಕಾಂಡಕ್ಕೆ ಸಿಂಪಡಿಸಿ. ಗಾಳಿಯ ಎದುರು ನಿಂತು ಹೊಡೆಯಬೇಡಿ. ಪ್ರತಿ ಮಳೆಯ ನಂತರ ಮತ್ತೆ ಹೊಡೆಯಬೇಕು, ಆದ್ದರಿಂದ ಮಳೆಗಾಲದಲ್ಲಿ ಇದರ ಗೊಡವೆ ಬೇಡ. ನುಸಿಗುಳಿಗೆ ವಿಷ, ತಿನ್ನುವ ಗಿಡದ ಮಣ್ಣಿಗೆ ಹಾಕಲೇಬಾರದು. ಅಂಟುಹಲಗೆಗೆ ಹಕ್ಕಿ, ಹಲ್ಲಿ ಎಲ್ಲವೂ ಸಿಕ್ಕಿ ನರಳುತ್ತವೆ. ಇಲಿಪಾಷಾಣ ತಿಂದ ಇಲಿಯನ್ನು ತಿಂದು ಗೂಬೆಯೂ ಸಾಯುತ್ತದೆ. ಗಿಳಿ ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಘಟ್ಟದ ಕೆಂದಳಿಲಿಗೂ ಇದೇ ಕಾಯ್ದೆಯ ರಕ್ಷಣೆ ಇದೆ.

ಯಾರಿಗೆ ಯಾವುದು

ಕಾರವಾರದ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಪಾರಿವಾಳ, ಕಾಗೆ ಮಾತ್ರ ಬರುತ್ತಿದ್ದರೆ ಬಾಲ್ಕನಿಗೇ ಬಲೆ ಬಿಗಿಸಿ, ಕುಂಡಗಳನ್ನು ಬಿಟ್ಟುಬಿಡಿ. ತೆಂಗಿನ ಗರಿ ಬಾಲ್ಕನಿಗೆ ತಾಗುವಷ್ಟು ಹತ್ತಿರವಿದ್ದರೆ ಅಳಿಲು ಬಂದೇ ಬರುತ್ತದೆ, ಆಗ ಹಣ್ಣಿಗೆ ಸ್ಟೀಲ್ ಚೀಲ ಸೇರಿಸಿ. ತೆರೆದ ತಾರಸಿಯಲ್ಲಿ ಎರಡು ಪೇರಲೆ, ಒಂದು ದಾಳಿಂಬೆ, ನಾಲ್ಕು ಟೊಮೆಟೊ ಇಟ್ಟವರಿಗೆ ಇಪ್ಪತ್ತು–ಮೂವತ್ತು ಆರ್ಗಾಂಜಾ ಚೀಲ, ಬೇಗ ಕೊಯ್ಯುವ ರೂಢಿ ಸಾಕು. ಮೆಣಸು, ಬದನೆ, ಹರಿವೆ, ಟೊಮೆಟೊ ಸೇರಿ ಹನ್ನೆರಡು ಕುಂಡಕ್ಕೆ ಮೇಲಾದರೆ ಪಂಜರ.

ಶಿರಸಿಯಲ್ಲಿ ಮಳೆಗೆಂದು ತಾರಸಿಯ ಮೇಲೆ ತಗಡು ಹೊದಿಸಿದ ಮನೆಗಳು ಬಹಳ. ಅವರಿಗೆ ಮೇಲ್ಛಾವಣಿ ಆಗಲೇ ಇದೆ. ಬಿಸಿಲು ಬೀಳುವ ಬದಿಗೆ ಕುಂಡ ಸರಿಸಿ, ಕಬ್ಬಿಣದ ಕಂಬಗಳ ನಡುವೆ ಜಾಲರಿ ಬಿಗಿದರೆ ಅರ್ಧ ಖರ್ಚಿನಲ್ಲಿ ಕೋಣೆಯಷ್ಟು ದೊಡ್ಡ ಪಂಜರ ಆಗುತ್ತದೆ. ತಗಡಿಗೂ ಜಾಲರಿಗೂ ನಡುವೆ ಅಲೆಯಾಕಾರದ ಸಂದಿ ಉಳಿಯುತ್ತದೆ, ಅದನ್ನು ಮುಚ್ಚಲು ಮರೆಯಬೇಡಿ. ಹಂಚಿನ ಮನೆಯ ಅಂಗಳದಲ್ಲಿ ಕುಂಡ ಇಟ್ಟವರು ಮರದ ಕೊಂಬೆಯಿಂದ, ಮಾಡಿನ ಅಂಚಿನಿಂದ ಆರೆಂಟು ಅಡಿ ದೂರಕ್ಕೆ ಸಾಲನ್ನು ಎಳೆದುಕೊಳ್ಳಲಿ. ಅಳಿಲು ನೆಲಕ್ಕಿಳಿದು ಬಯಲು ದಾಟಲು ಹಿಂಜರಿಯುತ್ತದೆ. ಫೆಬ್ರುವರಿಯಿಂದ ಮೇ ತನಕ ಟೊಮೆಟೊಗೆ ಬೀಳುವ ಹಲ್ಲು ಎಷ್ಟೋ ಸಲ ಬಾಯಾರಿಕೆಯದು. ಅಂಗಳದ ಇನ್ನೊಂದು ತುದಿಯಲ್ಲಿ ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ನೀರಿಡಿ, ದಿನವೂ ಚೆಲ್ಲಿ ತೊಳೆದು ತುಂಬಿ.

ಮಂಗ ಬರುವ ಮನೆಗೆ ಪಿವಿಸಿ ಪಂಜರ ನಿಲ್ಲದು, ಅದನ್ನು ಎತ್ತಿ ಮಗುಚಿಬಿಡುತ್ತದೆ. ಒಂದಿಂಚಿನ ಕಬ್ಬಿಣದ ಆಂಗಲ್ ಚೌಕಟ್ಟಿಗೆ ಜಾಲರಿಯನ್ನು ಬೆಸೆಸಿ, ಬಾಗಿಲಿಗೆ ಕೊಂಡಿಯ ಜೊತೆ ಬೀಗವನ್ನೂ ಹಾಕಿಸಿ. ಬರೀ ಕೊಂಡಿಯನ್ನು ತೆಗೆಯಲು ಅದು ಬೇಗ ಕಲಿಯುತ್ತದೆ. ಅಷ್ಟು ಖರ್ಚು ಬೇಡವೆನ್ನುವವರು ಹಣ್ಣು ಬಿಟ್ಟು ಬಸಳೆ, ಅರಿಶಿನ, ಶುಂಠಿ, ಮಜ್ಜಿಗೆಹುಲ್ಲು, ದೊಡ್ಡಪತ್ರೆ ಬೆಳೆಯಲಿ. ಅವಕ್ಕೆ ಮಂಗವೂ ಗಿಳಿಯೂ ಅಷ್ಟಾಗಿ ಬಾಯಿ ಹಾಕುವುದಿಲ್ಲ.